ಅಂಚೆಯಣ್ಣನ ಊರಿಗೆ ಬಣ್ಣ ಬಂತು

1947ರಲ್ಲಿ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಬಣ್ಣಕ್ಕೆಂದೇ ಚಿತ್ರೀಕರಿಸಿದ ನಗೆಚಿತ್ರ ತೆರೆಗೆ ಬಂದದ್ದು ಕಪ್ಪು ಬಿಳುಪಿನಲ್ಲಿ. ಒಳಗೇ ಉಳಿದಿದ್ದ ಬಣ್ಣ ಹೊರಬರುವ ಹೊತ್ತಿಗೆ ಅದನ್ನು ಮಾಡಿದವನೇ ಇರಲಿಲ್ಲ. ಜಾಕ್ ತಾತಿಯ ‘ಜೂರ್ ದ ಫೆತ್’ ಈಗ ತನ್ನ ಮೂರೂ ರೂಪಗಳಲ್ಲಿ ಮನೆಗೆ ತಂದುಕೊಳ್ಳಬಹುದಾದ ಡಿಸ್ಕ್. ಚಿಕ್ಕರಸಿನಕೆರೆಯ ಸುಣ್ಣದ ಗೋಡೆಯ ಮೇಲೆ ಅದು ಹೇಗೆ ಕಂಡಿತು?

ಗೋಡೆಯ ಮೇಲೆ ಟ್ರ್ಯಾಕ್ಟರೊಂದು ಬಂತು. ಅದು ಎಳೆಯುತ್ತಿದ್ದ ಗಾಡಿಯ ತುಂಬ ಮರದ ಕುದುರೆಗಳು, ಮುಂಗಾಲೆತ್ತಿಕೊಂಡು, ಕತ್ತು ಚಾಚಿಕೊಂಡು. ರಸ್ತೆ ಪಕ್ಕದ ಹುಲ್ಲುಗಾವಲಿನಲ್ಲಿ ನಿಜವಾದ ಕುದುರೆಗಳಿವೆ. ಗಾಡಿಯ ಹಿಂದೆ ಒಬ್ಬ ಹುಡುಗ ಕುಣಿಯುತ್ತ ಬರುತ್ತಿದ್ದಾನೆ.

‘ಜಾತ್ರೆ ಸಾಮಾನು ಕನಪ್ಪ ಅದು. ಸುತ್ತೋ ಕುದ್ರೆ’ ಎಂದರು ದೊಡ್ಡಪ್ಪ. ಯಾವ ದೇಶ, ಯಾವ ಭಾಷೆ, ಎಷ್ಟು ಹಳೆಯದು ಎಂದು ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ.

ಗಣೇಶನನ್ನು ಬಿಟ್ಟ ಮರುವಾರ. ಚಿಕ್ಕರಸಿನಕೆರೆಯ ಬೀದಿಯಲ್ಲಿ ಪೆಂಡಾಲಿನ ಬೊಂಬುಗಳನ್ನು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ, ಸೀರಿಯಲ್ ಸೆಟ್ಟಿನ ವೈರು ಅಲ್ಲಲ್ಲೇ ನೇತಾಡುತ್ತಿತ್ತು. ನಡುಮನೆಯಲ್ಲಿ ಸಣ್ಣದೊಂದು ಪ್ರೊಜೆಕ್ಟರ್ ಇಟ್ಟು, ಕ್ಯಾಲೆಂಡರನ್ನೂ ದೇವರ ಪಟವನ್ನೂ ಇಳಿಸಿ, ಗೋಡೆಯನ್ನೇ ಪರದೆ ಮಾಡಿಕೊಂಡೆವು. ಮನೆಯವರು, ಪಕ್ಕದ ಮನೆಯವರು, ಮಕ್ಕಳು. ಚಿತ್ರದ ಹೆಸರಿಗೆ ಕನ್ನಡದಲ್ಲಿ ‘ಹಬ್ಬದ ದಿನ’ ಅಂದರೆ ಸಾಕು.

ಡೆಕ್ಕು ಬರುತ್ತಿದ್ದ ಕಾಲ

ಸಿ.ಎ. ಕೆರೆ ಎಂದು ಈ ಕಡೆಯವರು ಕರೆಯುವ ಚಿಕ್ಕರಸಿನಕೆರೆ ಮದ್ದೂರು ತಾಲ್ಲೂಕಿನ ಹೋಬಳಿ. ಕಾಲಭೈರವೇಶ್ವರನ ಊರು, ಅವನ ಹೆಸರಿನ ಬಸಪ್ಪನ ಊರು. ಸುತ್ತ ನಾಲೆ ನೀರಿನ ಕಬ್ಬು, ಭತ್ತ. ಹತ್ತಿರದಲ್ಲೇ ಕೆ.ಎಂ. ದೊಡ್ಡಿ, ಅಲ್ಲಿ ಸಕ್ಕರೆ ಕಾರ್ಖಾನೆ. ಇತ್ತ ದೊಡ್ಡರಸಿನಕೆರೆ, ಅಂಬರೀಶ್ ಹುಟ್ಟಿದ ಊರು.

ಈ ಸೀಮೆಯಲ್ಲಿ ಹೋಂ ವಿಡಿಯೋ ಅಂದರೆ ಒಬ್ಬರ ಮನೆಯೊಳಗಿನ ಸಂಗತಿಯಾಗಿ ಶುರುವಾದದ್ದಲ್ಲ. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೂರದರ್ಶನಕ್ಕೆ ಬಣ್ಣ ಬಂತು, ಅದರ ಬೆನ್ನಿಗೇ ವಿಸಿಆರ್, ವಿಸಿಪಿಗಳು ಬಂದವು. ಹಳ್ಳಿಯವರ ಬಾಯಲ್ಲಿ ಅದು ‘ಡೆಕ್ಕು’. ಹಬ್ಬಕ್ಕೆ ಹಣ ಕೂಡಿಸಿ ಪೇಟೆಯಿಂದ ಕಲರ್ ಟಿವಿ, ಡೆಕ್ಕು, ಕ್ಯಾಸೆಟ್ಟುಗಳನ್ನು ಬಾಡಿಗೆಗೆ ತರುತ್ತಿದ್ದರು. ಪೆಂಡಾಲಿನ ಮುಂದೆ ಮೇಜಿನ ಮೇಲೆ ಟಿವಿ. ನೆಲಕ್ಕೆ ಚಾಪೆ, ಗೋಣಿಚೀಲ. ರಾತ್ರಿಯೆಲ್ಲ ಪಿಕ್ಚರು. ಒಂದು ಅಣ್ಣಾವ್ರದ್ದು, ಒಂದು ಅಂಬರೀಶಂದು ಇರಲೇಬೇಕು. ಇಲ್ಲದಿದ್ದರೆ ಜಗಳ.

ಆಗ ನೋಡಿದ ಬಣ್ಣ ಎಂಥ ಬಣ್ಣ! ನಕಲಿನ ನಕಲಿನ ನಕಲು. ನಾಯಕಿಯ ಕೆಂಪು ಸೀರೆ ಅಂಚು ದಾಟಿ ಪಕ್ಕದವರ ಮುಖಕ್ಕೂ ಹರಡುತ್ತಿತ್ತು. ಚಿತ್ರದ ಕೆಳಭಾಗದಲ್ಲಿ ಸದಾ ಒಂದು ಬಿಳಿ ಗೆರೆ ನಡುಗುತ್ತಿತ್ತು. ನಡುವೆ ಚಿತ್ರ ಮಸುಕಾದರೆ ಡೆಕ್ಕಿನವನು ಮುಚ್ಚಳ ತೆಗೆದು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಹೆಡ್ ಒರೆಸುತ್ತಿದ್ದ. ಎಲ್ಲರೂ ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

ಬೇರೆ ದೇಶದ ಚಿತ್ರ ಆ ಪೆಂಡಾಲಿಗೆ ಬಂದರೆ ಅದು ಮಾತಿಲ್ಲದ ಬಾಗಿಲಿನಿಂದಲೇ ಬರಬೇಕಿತ್ತು. ಚಾಪ್ಲಿನ್, ಲಾರೆಲ್ ಮತ್ತು ಹಾರ್ಡಿ, ಹೊಡೆದಾಟದ ಜಾಕಿ ಚಾನ್. ಮೈಯಲ್ಲಿ ನಗಿಸುವವರಿಗೆ ನಮ್ಮಲ್ಲಿ ಎಂದೂ ಭಾಷೆ ಅಡ್ಡ ಬಂದಿಲ್ಲ. ಜಾಕ್ ತಾತಿ ಅದೇ ಕುಲದವನು. ಆದರೂ ಅವನ ಕ್ಯಾಸೆಟ್ಟು ಮದ್ದೂರಿನ ಯಾವ ಬಾಡಿಗೆ ಅಂಗಡಿಯಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಬೀಳಬೇಕಿತ್ತು. ಏಕೆಂದರೆ ಈತನ ಮೊದಲ ದೊಡ್ಡ ಚಿತ್ರ ನಡೆಯುವುದೇ ಒಂದು ಹಳ್ಳಿಯ ಜಾತ್ರೆಯ ದಿನ.

ಅಂಚೆಯವನ ಒಂದು ದಿನ

ಕಥೆ ಅಂಗೈಯಗಲ. ಹಳ್ಳಿಗೆ ಜಾತ್ರೆಯ ಗಾಡಿಗಳು ಬರುತ್ತವೆ. ಸುತ್ತುವ ಕುದುರೆ, ಆಟದ ಅಂಗಡಿ, ಗುಡಾರದ ಸಿನಿಮಾ. ಊರಿನ ಪೋಸ್ಟ್‌ಮ್ಯಾನ್ ಫ್ರಾಂಸ್ವಾ ಉದ್ದ ಕಾಲಿನ, ಉದ್ದ ಮೂಗಿನ, ಮೀಸೆಯ ಮನುಷ್ಯ. ಹಳೇ ಸೈಕಲ್ಲು. ಟಪಾಲು ಕೊಡುವುದಕ್ಕಿಂತ ಮಾತಾಡಿಸುವವರ ಬಳಿ ನಿಲ್ಲುವುದೇ ಹೆಚ್ಚು. ಚೌಕದಲ್ಲಿ ಧ್ವಜಸ್ತಂಭ ನಿಲ್ಲಿಸುವವರಿಗೆ ಕರೆಯದೆ ಹೋಗಿ ಯಜಮಾನಿಕೆ ಮಾಡುತ್ತಾನೆ.

ಸಂಜೆ ಗುಡಾರದಲ್ಲಿ ಒಂದು ಸುದ್ದಿಚಿತ್ರ ತೋರಿಸುತ್ತಾರೆ. ಅಮೆರಿಕದ ಅಂಚೆ ಎಷ್ಟು ವೇಗ ನೋಡಿ! ಹೆಲಿಕಾಪ್ಟರ್, ಮೋಟಾರ್‌ಸೈಕಲ್, ಸಾಹಸ. ಊರವರು ಫ್ರಾಂಸ್ವಾನನ್ನು ರೇಗಿಸುತ್ತಾರೆ. ಮಾರನೆಯ ದಿನ ಅವನು ಅಮೆರಿಕದವರನ್ನು ಮೀರಿಸುವ ವೇಗದಲ್ಲಿ ಟಪಾಲು ಹಂಚಲು ಹೊರಡುತ್ತಾನೆ.

ಆಮೇಲಿನದು ಓಟ. ಓಡುತ್ತಿರುವ ಲಾರಿಯ ಹಿಂಬದಿಯ ಹಲಗೆಯನ್ನೇ ಮೇಜು ಮಾಡಿಕೊಂಡು, ಸೈಕಲ್ ತುಳಿಯುತ್ತಲೇ ಕಾಗದಗಳಿಗೆ ಮುದ್ರೆ ಒತ್ತುತ್ತಾನೆ. ಸೈಕಲ್ ರೇಸಿನವರನ್ನು ಹಿಂದೆ ಹಾಕುತ್ತಾನೆ. ಚರ್ಚಿನ ಗಂಟೆ ಬಾರಿಸುವ ಹಗ್ಗಕ್ಕೆ ಪಾದ್ರಿಯ ಕಾಗದ ಸಿಕ್ಕಿಸುತ್ತಾನೆ. ಒಂದು ಕಡೆ ಸೈಕಲ್ಲು ಸವಾರನನ್ನು ಬಿಟ್ಟು ತಾನೇ ರಸ್ತೆಯುದ್ದಕ್ಕೂ ಓಡುತ್ತದೆ. ಅದರ ಹಿಂದೆ ಫ್ರಾಂಸ್ವಾ.

ನಡುಮನೆಯಲ್ಲಿ ಮೊದಲ ದೊಡ್ಡ ನಗು ಎದ್ದದ್ದು ಈ ಸೈಕಲ್ಲಿಗೆ. ‘ಅಯ್ಯೋ, ಅದ್ಕೇ ಗೊತ್ತು ಕಣಕ್ಕ ದಾರಿ’ ಎಂದಳು ಪಕ್ಕದ ಮನೆಯ ಹೆಂಗಸು ಚಿಕ್ಕಮ್ಮನಿಗೆ. ‘ದಿನಾ ಓಗೋ ದಾರಿ ಅಲ್ವಾ’ ಎಂದರು ಚಿಕ್ಕಮ್ಮ. ತಾತಿಯ ಹಾಸ್ಯದ ಬಗ್ಗೆ ನಾನು ಓದಿದ ಅನೇಕ ಪುಟಗಳು ಹೇಳಲು ಹೆಣಗಿದ್ದು ಇದನ್ನೇ. ಅವನ ಲೋಕದಲ್ಲಿ ವಸ್ತುಗಳಿಗೂ ತಮ್ಮದೇ ಆದ ಅಭ್ಯಾಸಗಳಿರುತ್ತವೆ.

ಬಾಗಿಲಿಗೆ ಬೂದು ಬಣ್ಣ ಬಳಿಸಿದವನು

ಎರಡನೇ ಮಹಾಯುದ್ಧದ ಕಾಲದಲ್ಲಿ ತಾತಿ ಗೆಳೆಯ ಆನ್ರಿ ಮಾರ್ಕೆ ಜೊತೆ ನಡು ಫ್ರಾನ್ಸಿನ ಆಂದ್ರ್ ಪ್ರಾಂತ್ಯದ ಹಳ್ಳಿಗಾಡಿನಲ್ಲಿ ಆಶ್ರಯ ಪಡೆದಿದ್ದ. ಹತ್ತಿರದ ಊರು ಸೇಂತ್ ಸೆವೇರ್. ಯುದ್ಧ ಮುಗಿದು, 1947ರಲ್ಲಿ ಚಿತ್ರ ಮಾಡಲು ಹೊರಟಾಗ ಅವನು ಆರಿಸಿದ್ದು ಅದೇ ಊರನ್ನು. ಚಿತ್ರಕಥೆಗೆ ಜೊತೆಯಾದವನು ಅದೇ ಮಾರ್ಕೆ. ಬೆರಳೆಣಿಕೆಯ ನಟರನ್ನು ಬಿಟ್ಟರೆ ತೆರೆಯ ಮೇಲಿರುವವರು ಊರಿನ ಜನ.

ತಾತಿಯ ಆಸೆ ದೊಡ್ಡದಿತ್ತು. ಬಣ್ಣದಲ್ಲಿ ಚಿತ್ರ ಮಾಡಬೇಕು, ಆ ಬಣ್ಣಕ್ಕೆ ಕಥೆಯಲ್ಲಿ ಕೆಲಸ ಇರಬೇಕು. ಅದಕ್ಕಾಗಿ ಅವನು ಊರಿನ ಮನೆಬಾಗಿಲುಗಳಿಗೆ ಬೂದು ಬಣ್ಣ ಬಳಿಸಿದ. ಜನಕ್ಕೆ ಕಪ್ಪು, ಮಾಸಲು ಬಟ್ಟೆ ಉಡಿಸಿದ. ಊರು ಹೀಗೆ ಬಣ್ಣಗೆಟ್ಟು ಕೂತಿರುವಾಗ ಜಾತ್ರೆಯ ಗಾಡಿ ಬರಬೇಕು, ಜೊತೆಗೆ ಕೆಂಪು, ನೀಲಿ, ಹಳದಿ ಬರಬೇಕು. ಗಾಡಿ ಹೊರಟಾಗ ಬಣ್ಣವೂ ಹೊರಡಬೇಕು.

ಜಾತ್ರೆ ಕಂಡ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷವಿಡೀ ಮಣ್ಣಿನ ಬಣ್ಣದಲ್ಲಿರುವ ಬೀದಿಗೆ ಬಳೆ ಅಂಗಡಿ, ಬತ್ತಾಸಿನ ಅಂಗಡಿ, ಪೀಪಿ, ಬಲೂನು ಬಂದು ಇಳಿದಾಗ ಕಣ್ಣಿಗೆ ಆಗುವುದನ್ನೇ ತಾತಿ ಹಿಡಿಯಲು ಹೊರಟಿದ್ದ. ಆ ಕಾಲದಲ್ಲಿ ಬಣ್ಣದ ಚಿತ್ರ ಎಂದರೆ ಹಾಲಿವುಡ್ಡಿನ ಟೆಕ್ನಿಕಲರ್, ಉದ್ದಕ್ಕೂ ಕಣ್ಣು ಕುಕ್ಕುವ ಬಣ್ಣ. ಬಣ್ಣವನ್ನು ತಡೆದು ನಿಲ್ಲಿಸಿ, ಹೊತ್ತು ನೋಡಿ ಒಳಗೆ ಬಿಡುವ ಯೋಚನೆ ಮಾಡಿದ ಈ ಹೊಸಬನ ಧೈರ್ಯ ಸಣ್ಣದಲ್ಲ.

ಆದರೆ ಅವನು ನೆಚ್ಚಿದ ತಂತ್ರ ಕೈಕೊಟ್ಟಿತು. ಥಾಮ್ಸನ್‌ಕಲರ್ ಎಂಬ ಫ್ರೆಂಚ್ ಪದ್ಧತಿ ಅದು. ಫಿಲ್ಮು ಕಪ್ಪು ಬಿಳುಪಿನದೇ. ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಏಣುಗಳು ಸಾಲಾಗಿ ಇರುತ್ತವೆ, ಒಂದೊಂದೂ ಒಂದು ಮಸೂರ. ಕ್ಯಾಮೆರಾದ ಮಸೂರದ ಬಳಿ ಕೆಂಪು, ಹಸಿರು, ನೀಲಿ ಪಟ್ಟೆಗಳ ಗಾಜು. ಒಳಗೆ ಬರುವ ಬೆಳಕನ್ನು ಏಣುಗಳು ಬಣ್ಣಕ್ಕೊಂದು ಗೆರೆಯಾಗಿ ವಿಂಗಡಿಸಿ ಫಿಲ್ಮಿನ ಮೇಲೆ ಕೂರಿಸುತ್ತವೆ. ತೋರಿಸುವಾಗ ಅದೇ ಬಗೆಯ ಗಾಜಿನ ಮೂಲಕ ಬೆಳಕು ಹಾಯಿಸಿದರೆ ಬಣ್ಣ ಮರಳುತ್ತದೆ. ನಮ್ಮ ಜಾತ್ರೆಗಳಲ್ಲಿ ಮಾರುವ ಗೀರುಗೀರು ಪ್ಲಾಸ್ಟಿಕ್ಕಿನ ದೇವರ ಪಟ ಇದೆಯಲ್ಲ, ಈ ಕಡೆಯಿಂದ ನೋಡಿದರೆ ಶಿವ, ಆ ಕಡೆಯಿಂದ ಗಣಪ, ಅದರ ಹಿಂದಿರುವುದೂ ಇದೇ ಉಪಾಯ.

ಈ ಪದ್ಧತಿಯ ಮೂಲ ಹಳೆಯದು. 1928ರಲ್ಲೇ ಕೊಡಕ್ ಕಂಪನಿ ಇದೇ ತತ್ವದ ಫಿಲ್ಮನ್ನು ಮನೆಯಲ್ಲಿ ಚಿತ್ರ ತೆಗೆಯುವವರಿಗೆಂದು ಮಾರಿತ್ತು. ಆದರೆ ಮನೆಯ ಚಿತ್ರಕ್ಕೆ ಒಂದೇ ಪ್ರತಿ ಸಾಕು, ಚಿತ್ರಮಂದಿರಗಳಿಗೆ ಹಲವು ಬೇಕು. ತೊಡಕು ಇದ್ದದ್ದು ಅಲ್ಲೇ. ಅಷ್ಟು ಸಣ್ಣ ಏಣುಗಳನ್ನು ಒಂದಿಷ್ಟೂ ಕದಲದಂತೆ ಇನ್ನೊಂದು ಫಿಲ್ಮಿಗೆ ಇಳಿಸಬೇಕು. ಥಾಮ್ಸನ್‌ಕಲರ್ ಕಂಪನಿಗೆ ಅದು ಸಾಧ್ಯವಾಗಲಿಲ್ಲ. ತಾತಿಯ ಬಣ್ಣದ ನೆಗೆಟಿವ್ ಡಬ್ಬದಲ್ಲೇ ಉಳಿಯಿತು.

ಚಿತ್ರವನ್ನು ಉಳಿಸಿದ್ದು ಎರಡನೇ ಕ್ಯಾಮೆರಾ. ಏನಾದರೂ ಆದೀತು ಎಂದು ಬಣ್ಣದ ಕ್ಯಾಮೆರಾದ ಪಕ್ಕದಲ್ಲೇ ಮಾಮೂಲು ಕಪ್ಪು ಬಿಳುಪಿನ ಫಿಲ್ಮಿನಲ್ಲೂ ಚಿತ್ರೀಕರಿಸಿದ್ದರು. ಅದನ್ನೇ ಜೋಡಿಸಿ 1949ರಲ್ಲಿ ಬಿಡುಗಡೆ ಮಾಡಿದರು. ವೆನಿಸ್ ಚಿತ್ರೋತ್ಸವದಲ್ಲಿ ಚಿತ್ರಕಥೆಗೆ ಪ್ರಶಸ್ತಿ ಬಂತು. ಜನ ಮುಗಿಬಿದ್ದು ನೋಡಿದರು. ಬೂದು ಬಾಗಿಲುಗಳ ಗುಟ್ಟು ಮಾತ್ರ ಯಾರಿಗೂ ತಿಳಿಯಲಿಲ್ಲ.

ತಾತಿಗೆ ಅದು ಮರೆಯದ ಕೊರಗಾಯಿತು. 1964ರಲ್ಲಿ ಚಿತ್ರವನ್ನು ಮತ್ತೆ ಬಿಡುವಾಗ ಕಪ್ಪು ಬಿಳುಪಿನ ಮೇಲೆ ಅಲ್ಲಲ್ಲಿ ಬಣ್ಣ ತುಂಬಿಸಿದ. ಬಾವುಟಕ್ಕೆ, ಬಲೂನಿಗೆ. ಆ ಬಣ್ಣಕ್ಕೊಂದು ನೆಪ ಬೇಕೆಂದು ಊರಿಗೆ ಬರುವ ಚಿತ್ರಕಾರನೊಬ್ಬನನ್ನು ಹೊಸದಾಗಿ ಸೇರಿಸಿದ. 1982ರಲ್ಲಿ ತೀರಿಕೊಂಡ.

ಮುಂದಿನದು ಮಗಳ ಕೆಲಸ. ಸೋಫಿ ತಾತಿಶೆಫ್ ಹುಟ್ಟಿದ್ದು 1946ರ ಅಕ್ಟೋಬರಿನಲ್ಲಿ. ಅಪ್ಪ ಆ ಬಾಗಿಲುಗಳಿಗೆ ಬಣ್ಣ ಬಳಿಸುವಾಗ ಅವಳು ಕೈಗೂಸು. ಬೆಳೆದು ಚಿತ್ರಸಂಕಲನಕಾರ್ತಿಯಾದಳು. ಛಾಯಾಗ್ರಾಹಕ ಫ್ರಾಂಸ್ವಾ ಎದ್ ಜೊತೆ ಸೇರಿ ವರ್ಷಗಟ್ಟಲೆ ದುಡಿದು, ಆ ಏಣುಗಳ ನಡುವೆ ಹುದುಗಿದ್ದ ಬಣ್ಣವನ್ನು ಬಿಡಿಸಿದಳು. ಬಣ್ಣದ ‘ಜೂರ್ ದ ಫೆತ್’ 1995ರಲ್ಲಿ ತೆರೆ ಕಂಡಿತು. ಚಿತ್ರೀಕರಣವಾಗಿ 48 ವರ್ಷ ಆಗಿತ್ತು. ಸೋಫಿ 2001ರಲ್ಲಿ ತೀರಿಕೊಂಡಳು. ಅದೇ ವರ್ಷ ಅಪ್ಪನ ಚಿತ್ರಗಳನ್ನು ಕಾಪಾಡಲೆಂದು ನೆಂಟರೊಂದಿಗೆ ‘ಲೆ ಫಿಲ್ಮ್ ದ ಮೊನೋಂಕ್ಲ್’ ಸಂಸ್ಥೆಯನ್ನು ಕಟ್ಟಿದ್ದಳು.

▌ಪೆಟ್ಟಿಗೆ ಮಾಹಿತಿ: ಯಾರು ಈ ತಾತಿ?

ಹುಟ್ಟು 9 ಅಕ್ಟೋಬರ್ 1907. ಪೂರ್ತಿ ಹೆಸರು ಜಾಕ್ ತಾತಿಶೆಫ್, ತಂದೆಯ ಕಡೆಯಿಂದ ರಷ್ಯನ್ ಮೂಲ.

ಮೊದಲು ರಂಗದ ಮೇಲೆ ಮೂಕಾಭಿನಯ. ಟೆನಿಸ್ ಆಡುವವನು, ಕುದುರೆ ಸವಾರ, ಹೀಗೆ ಆಟಗಾರರ ಅನುಕರಣೆಯಿಂದ ಹೆಸರಾದ.

ಒಟ್ಟು ಆರು ದೊಡ್ಡ ಚಿತ್ರಗಳು. ಎರಡನೆಯದರಲ್ಲಿ, 1953ರಲ್ಲಿ, ‘ಮೊಸ್ಯು ಹ್ಯುಲೊ’ ಎಂಬ ಪಾತ್ರ ಹುಟ್ಟಿತು. 1958ರ ‘ಮೊನೋಂಕ್ಲ್’ ವಿದೇಶಿ ಭಾಷಾ ಚಿತ್ರದ ಆಸ್ಕರ್ ಪಡೆಯಿತು.

1967ರ ‘ಪ್ಲೇಟೈಮ್’ಗಾಗಿ ಪ್ಯಾರಿಸ್ ಅಂಚಿನಲ್ಲಿ ನಗರದಂಥ ಸೆಟ್ ಕಟ್ಟಿಸಿ ಸಾಲದಲ್ಲಿ ಮುಳುಗಿದ, ತನ್ನ ಚಿತ್ರಗಳ ಹಕ್ಕನ್ನೇ ಕಳೆದುಕೊಂಡ.

ಸೇಂತ್ ಸೆವೇರ್‌ನಲ್ಲಿ ಈಗ ಈ ಚಿತ್ರಕ್ಕೆಂದೇ ಒಂದು ಪ್ರದರ್ಶನ ಮನೆ ಇದೆ.

ಮೂರು ರೂಪ, ಒಂದು ತೀರ್ಪು

ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 2014ರ ಅಕ್ಟೋಬರಿನಲ್ಲಿ ತಾತಿಯ ಆರು ದೊಡ್ಡ ಚಿತ್ರ, ಏಳು ಕಿರುಚಿತ್ರಗಳನ್ನು ಒಂದೇ ಪೆಟ್ಟಿಗೆಯಲ್ಲಿ ಹೊರತಂದಿತು. ಬ್ಲೂರೇಯಲ್ಲಿ ಏಳು ಡಿಸ್ಕುಗಳು. ‘ಜೂರ್ ದ ಫೆತ್’ನ 1949ರ ಕಪ್ಪು ಬಿಳುಪು, 1964ರ ಅರೆಬಣ್ಣ, 1995ರ ಪೂರ್ಣಬಣ್ಣ, ಮೂರೂ ಅದರಲ್ಲಿವೆ. ನಾವು ನೋಡಿದ್ದು ಇದನ್ನೇ.

ಚಿತ್ರದ ಸ್ಪಷ್ಟತೆಯ ಮಟ್ಟಿಗೆ 1949ರ ರೂಪವೇ ಮೇಲು. ಗೋಡೆಯ ಕಲ್ಲುಗಳು, ಕೋಳಿಯ ರೆಕ್ಕೆ, ಹೊಲದಾಚೆಯ ಮರ, ಎಲ್ಲ ಕಡೆದಿಟ್ಟಂತಿದೆ. ಅವಧಿಯೂ ಹೆಚ್ಚು, ಸುಮಾರು 86 ನಿಮಿಷ. ಒಂದೇ ದೃಶ್ಯ ಸಾಕು, ಈ ರೂಪ ಯಾಕೆ ಬೇಕು ಎಂದು ಹೇಳಲು.

ದೂರದ ರಸ್ತೆಯಲ್ಲಿ ಫ್ರಾಂಸ್ವಾ ಸೈಕಲ್ಲಿನಲ್ಲಿ ಹೋಗುತ್ತಿದ್ದಾನೆ. ನಾವು ಮೇಲಿನ ಹೊಲದಲ್ಲಿ ನಿಂತು ನೋಡುತ್ತಿದ್ದೇವೆ, ಹತ್ತಿರದಲ್ಲಿ ಒಬ್ಬ ರೈತ. ದೂರದ ಫ್ರಾಂಸ್ವಾ ಇದ್ದಕ್ಕಿದ್ದಂತೆ ಕೈ ಬೀಸತೊಡಗುತ್ತಾನೆ. ಯಾವುದೋ ಹುಳು ಬೆನ್ನು ಹತ್ತಿದೆ. ಅವನು ಸುಮ್ಮನಾಗುತ್ತಾನೆ, ಝೇಂಕಾರ ಜೋರಾಗುತ್ತದೆ, ಈಗ ಹತ್ತಿರದ ರೈತ ಕೈ ಬೀಸುತ್ತಾನೆ. ರೈತ ಸುಮ್ಮನಾಗುತ್ತಾನೆ, ದೂರದ ರಸ್ತೆಯಲ್ಲಿ ಮತ್ತೆ ಫ್ರಾಂಸ್ವಾ. ಹುಳು ಒಮ್ಮೆಯೂ ಕಾಣುವುದಿಲ್ಲ.

ಕ್ಯಾಮೆರಾ ಕದಲದು, ಯಾರೂ ಮಾತಾಡರು. ಈ ನಗು ಹುಟ್ಟಬೇಕಾದರೆ ಎರಡು ಸಂಗತಿ ನೆಟ್ಟಗಿರಬೇಕು: ಕಡ್ಡಿಯಷ್ಟು ಕಾಣುವ ಆ ದೂರದ ಮನುಷ್ಯ ಸ್ಪಷ್ಟವಾಗಿ ಕಾಣಬೇಕು, ಹುಳುವಿನ ಸದ್ದು ಹತ್ತಿರ ಬಂದು ದೂರ ಹೋದದ್ದು ಕಿವಿಗೆ ತಿಳಿಯಬೇಕು. ಇದೇ ದೃಶ್ಯವನ್ನು ಹಿಂದೊಮ್ಮೆ ಫೋನಿನಲ್ಲಿ ನೋಡಿದಾಗ ಏನೂ ದಕ್ಕಿರಲಿಲ್ಲ. ಗೋಡೆಯಗಲ ಹರಡಿದಾಗ ಮನೆಯ ಚಿಕ್ಕ ಹುಡುಗ ಎದ್ದು ಹೋಗಿ ಗೋಡೆಯ ಆ ಮೂಲೆಯ ಮೇಲೆ ಬೆರಳಿಟ್ಟು, ‘ಅಗೋ, ಈಗ ಅವ್ನತ್ರ ಓಯ್ತು!’ ಎಂದು ಕೂಗಿದ. ತಾತಿಯ ಡಿಸ್ಕಿನ ಗುಣಮಟ್ಟವನ್ನು ಅಳೆಯಲು ನನಗೆ ಬೇರೆ ಯಂತ್ರ ಬೇಕಾಗಲಿಲ್ಲ.

1964ರ ರೂಪ ನನಗೆ ಹಿಡಿಸಲಿಲ್ಲ. ಕಪ್ಪು ಬಿಳುಪಿನ ನಡುವೆ ಒಂದು ಬಾವುಟ ಮಾತ್ರ ಬಣ್ಣ ತಳೆದಾಗ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ. ತಾತಿಯ ಚೌಕಟ್ಟಿನಲ್ಲಿ ಕಣ್ಣಿಗೆ ಎಲ್ಲಿ ಬೇಕಾದರೂ ಅಲೆಯುವ ಸ್ವಾತಂತ್ರ್ಯ ಇರಬೇಕು, ಅದು ಇಲ್ಲಿ ಹೋಗುತ್ತದೆ. ಹೊಸದಾಗಿ ಸೇರಿದ ಚಿತ್ರಕಾರನೂ ಹೊರಗಿನವನಾಗಿಯೇ ಉಳಿಯುತ್ತಾನೆ. ತಾತಿಯ ಹಂಬಲಕ್ಕೆ ಸಾಕ್ಷಿಯಾಗಿ ಇರಲಿ, ಅಷ್ಟೆ.

1995ರ ಬಣ್ಣದ ರೂಪದಲ್ಲಿ ಕೊರತೆಗಳಿವೆ, ಮುಚ್ಚಿಡುವುದು ಬೇಡ. ಚಿತ್ರ ಮೃದು. ಅಂಚುಗಳು ಕಪ್ಪು ಬಿಳುಪಿನಷ್ಟು ಹರಿತವಿಲ್ಲ. ಬಣ್ಣ ತಿಳಿ, ಕೆಲವೆಡೆ ತುಸು ಮಿನುಗಾಡುತ್ತದೆ. ಇಂದಿನ ಟಿವಿಯ ಢಾಳು ಬಣ್ಣಕ್ಕೆ ಒಗ್ಗಿದವರಿಗೆ ಮೊದಲ ಹತ್ತು ನಿಮಿಷ ‘ಇದೇನು ಬಣ್ಣ’ ಅನ್ನಿಸಬಹುದು.

ಆದರೂ ನನ್ನ ಮತ ಇದಕ್ಕೇ. ಬೂದು ಊರಿನ ಚೌಕಕ್ಕೆ ಗಾಡಿಗಳು ಬಂದು, ಮರದ ಕುದುರೆಗಳು ಇಳಿದು, ಬಾವುಟಗಳು ಏರುವಾಗ ಊರು ಉಸಿರೆಳೆದುಕೊಂಡದ್ದು ಕಣ್ಣಿಗೇ ಕಾಣುತ್ತದೆ. ಕಪ್ಪು ಬಿಳುಪಿನಲ್ಲಿ ಜಾತ್ರೆ ನಡೆಯುತ್ತದೆ, ಬಣ್ಣದಲ್ಲಿ ಜಾತ್ರೆ ಬರುತ್ತದೆ. ಮಾರನೆಯ ದಿನ ಗಾಡಿಗಳು ಹೊರಟಾಗ ಬೀದಿಯಲ್ಲಿ ಉಳಿಯುವ ಆ ಮಂಕುತನ ಇನ್ನೆರಡು ರೂಪಗಳಲ್ಲಿ ಇಲ್ಲ. ಅದನ್ನು ನೋಡಿ ಚಿಕ್ಕಮ್ಮ, ‘ಹಬ್ಬ ಮುಗೀತು’ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಬಾಗಿಲಿಗೆ ಬಣ್ಣ ಬಳಿಸಿದ್ದು ಸಾರ್ಥಕವಾಯಿತು ಎಂದು ನನಗೆ ಅನ್ನಿಸಿತು.

ಜೊತೆಗಿರುವ ಕಿರುಚಿತ್ರಗಳಲ್ಲಿ ಪೋಸ್ಟ್‌ಮ್ಯಾನರ ತರಬೇತಿಯ ಕುರಿತದ್ದೊಂದಿದೆ. ‘ಜೂರ್ ದ ಫೆತ್’ನ ಹಲವು ಚೇಷ್ಟೆಗಳು ಮೊದಲು ಮೊಳೆತದ್ದು ಅದರಲ್ಲಿ. ಮಕ್ಕಳಿಗೆ ಮೊದಲು ಅದನ್ನೇ ತೋರಿಸಬಹುದು. ಉಳಿದ ಹೆಚ್ಚುವರಿ ಸರಕು ಸಿನಿಮಾ ವಿದ್ಯಾರ್ಥಿಗಳಿಗೆ.

▌ಪೆಟ್ಟಿಗೆ ಮಾಹಿತಿ: ಡಿಸ್ಕ್ ಕೊಳ್ಳುವ ಮುನ್ನ

ಬ್ಲೂರೇ ಡಿಸ್ಕುಗಳಿಗೆ ಎ, ಬಿ, ಸಿ ಎಂದು ಮೂರು ವಲಯಗಳ ಬೀಗ ಇದೆ. ಅಮೆರಿಕ ಎ, ಯುರೋಪು ಬಿ, ಭಾರತ ಸಿ.

ಕ್ರೈಟೀರಿಯನ್‌ನ ಅಮೆರಿಕದ ಡಿಸ್ಕು ಎ ವಲಯದ್ದು. ಇಲ್ಲಿನ ಅಂಗಡಿಯ ಮಾಮೂಲು ಪ್ಲೇಯರಿನಲ್ಲಿ ಓಡದು. ವಲಯದ ಬೀಗವಿಲ್ಲದ ಪ್ಲೇಯರ್ ಬೇಕು.

ಡಿವಿಡಿಗೂ ಇದೇ ಕಥೆ: ಅಮೆರಿಕ 1, ಯುರೋಪು 2, ಭಾರತ 5.

ತಾತಿಯನ್ನು ಫೋನಿನಲ್ಲಿ ನೋಡಬೇಡಿ. ಗೋಡೆ ದೊಡ್ಡದಾದಷ್ಟೂ ನಗು ಹೆಚ್ಚು.

ಕನ್ನಡದ ಗೆರೆ ಎಲ್ಲಿ?

ವಲಯದ ಬೀಗಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಡಿಸ್ಕಿನಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇದೆ, ಕನ್ನಡ ಇಲ್ಲ. ಇರುತ್ತದೆಂದು ನಾವು ನಿರೀಕ್ಷಿಸುವುದೂ ಇಲ್ಲ. ಜಗತ್ತಿನ ಚಿತ್ರಗಳನ್ನು ಇಂಗ್ಲಿಷಿನ ಕಿಟಕಿಯಿಂದ ನೋಡಿ ನೋಡಿ, ಇಂಗ್ಲಿಷ್ ಓದಲಾಗದವರು ಹೊರಗೆ ಉಳಿಯುವುದು ಸಹಜ ಎಂಬಂತೆ ಆಗಿಬಿಟ್ಟಿದೆ.

ಈ ಚಿತ್ರದಲ್ಲಿ ಮಾತು ಕಡಿಮೆ. ಫ್ರಾಂಸ್ವಾ ಮೀಸೆಯೊಳಗೇ ಗೊಣಗುತ್ತಾನೆ, ಅದರ ಅರ್ಥ ಕೈಕಾಲಿನಲ್ಲೇ ಇದೆ. ಆದರೆ ಒಬ್ಬಳು ಅಜ್ಜಿ ಇದ್ದಾಳೆ. ಬೆನ್ನು ಬಾಗಿದವಳು, ಮೇಕೆ ಹಿಡಿದುಕೊಂಡು ಊರೆಲ್ಲ ಸುತ್ತುವವಳು. ಯಾರ ಮನೆಗೆ ಏನು ಬಂತು, ಯಾರು ಯಾರನ್ನು ನೋಡಿ ನಕ್ಕರು, ಎಲ್ಲದಕ್ಕೂ ಅವಳದೊಂದು ಮಾತು. ಅವಳ ಮಾತಿಗೆ ನಾನು ನಡುನಡುವೆ ನಿಲ್ಲಿಸಿ ಕನ್ನಡ ಹೇಳುತ್ತ ಹೋದೆ. ಸ್ವಲ್ಪ ಹೊತ್ತಿನಲ್ಲೇ ದೊಡ್ಡಪ್ಪ, ‘ನೀ ಸುಮ್ಕಿರಪ್ಪ, ಆ ಮುದುಕಿ ಏನಂತಳೆ ಅಂತ ನಂಗೊತ್ತಾಯ್ತದೆ’ ಎಂದರು. ಗೊತ್ತಾಗುತ್ತಿತ್ತು ಕೂಡ, ಮುಕ್ಕಾಲು ಪಾಲು. ಉಳಿದ ಕಾಲು ಪಾಲಿಗಾದರೂ ಕನ್ನಡ ಬೇಕು.

ಮಾತಿಲ್ಲದೆ ನಗಿಸುವ ಚಿತ್ರ ನಮಗೆ ಹೊಸದಲ್ಲ. 1987ರಲ್ಲಿ ಸಿಂಗೀತಂ ಶ್ರೀನಿವಾಸ ರಾವ್ ಬೆಂಗಳೂರಿನಲ್ಲೇ ಚಿತ್ರೀಕರಿಸಿದ, ಶೃಂಗಾರ್ ನಾಗರಾಜ್ ನಿರ್ಮಾಣದಲ್ಲಿ ಪಾಲುಗೊಂಡ ‘ಪುಷ್ಪಕ ವಿಮಾನ’ ಒಂದೂ ಸಂಭಾಷಣೆಯಿಲ್ಲದೆ ಭಾಷೆಗಳ ಗಡಿ ದಾಟಿ ಗೆದ್ದಿತು. ಕಮಲ್ ಹಾಸನ್ ಮೈಯಲ್ಲೇ ಮಾತಾಡಿದ ಆ ಚಿತ್ರವನ್ನು ಮೆಚ್ಚಿದವರಿಗೆ ತಾತಿ ದೂರದವನಾಗಲಾರ.

ಹೊರಗಿನ ಚಿತ್ರಗಳನ್ನು ಹಳ್ಳಿಯವರ ಮುಂದೆ ಇಡುವ ಕೆಲಸವೂ ಇಲ್ಲಿ ಆಗಿದೆ. 1970ರ ದಶಕದಲ್ಲೇ ಹೆಗ್ಗೋಡಿನ ನೀನಾಸಮ್‌ನಲ್ಲಿ ಕೆ.ವಿ. ಸುಬ್ಬಣ್ಣ ಜಗತ್ತಿನ ಒಳ್ಳೆಯ ಚಿತ್ರಗಳನ್ನು ಅಡಿಕೆ ತೋಟದ ಜನಕ್ಕೆ ತೋರಿಸಿದರು, ಕನ್ನಡದಲ್ಲಿ ವಿವರಿಸಿ ತೋರಿಸಿದರು. ಹಳ್ಳಿಗರಿಗೆ ಇದೆಲ್ಲ ತಿಳಿಯುತ್ತದೆಯೇ ಎಂಬ ಅನುಮಾನವನ್ನು ಅವರು ಒಪ್ಪಲಿಲ್ಲ. ಬೆಂಗಳೂರಿನಲ್ಲಿ 1971ರಿಂದ ಸುಚಿತ್ರಾ ಫಿಲ್ಮ್ ಸೊಸೈಟಿ ಇದೆ. ಬೇರು ಇದೆ, ಹೋಂ ವಿಡಿಯೋ ಕಾಲದಲ್ಲಿ ನೀರು ಹಾಯಿಸಿದವರು ಕಡಿಮೆ.

ಡಬ್ಬಿಂಗ್ ಬೇಕೋ ಬೇಡವೋ ಎಂಬ ಜಗಳದಲ್ಲಿ ನಮ್ಮ ಚಿತ್ರರಂಗ ದಶಕಗಳನ್ನು ಕಳೆಯಿತು. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವವರ ವಿರುದ್ಧ ತೀರ್ಪು ಕೊಟ್ಟಿತು, ಈಗ ಡಬ್ ಆದ ಚಿತ್ರಗಳು ಬರುತ್ತಿವೆ. ಆ ಗದ್ದಲದ ಎರಡೂ ಕಡೆಯವರು ಸಬ್‌ಟೈಟಲ್ ಎಂಬ ಮೂರನೇ ದಾರಿಯನ್ನು ಅಷ್ಟಾಗಿ ಹಿಡಿಯಲಿಲ್ಲ. ಅದಕ್ಕೆ ಕಂಠ ಬೇಡ, ಸ್ಟುಡಿಯೋ ಬೇಡ, ಮೂಲ ನಟನ ದನಿಯನ್ನು ಅಳಿಸಬೇಕಾಗಿಲ್ಲ. ತಾತಿಯಂಥವನ ವಿಷಯದಲ್ಲಿ ಇದು ಮುಖ್ಯ, ಯಾಕೆಂದರೆ ಅವನ ಚಿತ್ರಗಳಲ್ಲಿ ಬಾಗಿಲ ಕಿರುಗುಟ್ಟುವಿಕೆಯೂ ಕೋಳಿಯ ಕೂಗೂ ಮನುಷ್ಯರ ಮಾತಿನಷ್ಟೇ ಬೆಲೆಯುಳ್ಳವು. ಡಬ್ಬಿಂಗಿನಲ್ಲಿ ಅವುಗಳ ಹದ ಕೆಡುತ್ತದೆ.

ಇಡೀ ‘ಜೂರ್ ದ ಫೆತ್’ಗೆ ಬೇಕಾಗುವ ಕನ್ನಡ ಒಂದು ಸಣ್ಣ ಕತೆಯಷ್ಟೂ ಉದ್ದವಿಲ್ಲ. ಹಕ್ಕುದಾರರನ್ನು ಕೇಳಿ, ಫ್ರೆಂಚ್ ಬಲ್ಲ ಒಬ್ಬರೂ ಮಂಡ್ಯದ ಮಾತು ಬಲ್ಲ ಒಬ್ಬರೂ ಕೂತರೆ ಆಗುವ ಕೆಲಸ. ಮಂಡ್ಯದ ಮಾತೇ ಬೇಕು ಎನ್ನುವುದಕ್ಕೆ ಕಾರಣ ಇದೆ. ತೆರೆಯ ಮೇಲಿರುವವರು ಊರಿನ ಜನ, ಅವರಾಡುವುದು ಊರಿನ ಮಾತು. ಅದನ್ನು ಪುಸ್ತಕದ ಕನ್ನಡಕ್ಕೆ ತಂದರೆ ಅಜ್ಜಿಯ ಕೈಯಿಂದ ಮೇಕೆಯ ಹಗ್ಗ ಕಿತ್ತುಕೊಂಡಂತೆ. ಚಿತ್ರಸಮಾಜಗಳು, ಕಾಲೇಜಿನ ಫ್ರೆಂಚ್ ವಿಭಾಗಗಳು ಇದನ್ನು ಕೈಗೆತ್ತಿಕೊಳ್ಳಲಿ. ಇದೊಂದಾದರೆ ಉಳಿದ ಐದಕ್ಕೂ ದಾರಿಯಾಗುತ್ತದೆ. ಅವುಗಳಲ್ಲೂ ಮಾತು ಕಡಿಮೆ.

ಅಲ್ಲಿಯವರೆಗೆ ಡಿಸ್ಕು ಸಿಕ್ಕವರು ಹೀಗೆ ಮಾಡಿ. ಮನೆ ತುಂಬ ಜನ ಸೇರಿಸಿ, ಮಕ್ಕಳನ್ನು ಮುಂದೆ ಕೂರಿಸಿ, 1995ರ ಬಣ್ಣದ ರೂಪವನ್ನು ಮೊದಲು ಹಾಕಿ. ಕಪ್ಪು ಬಿಳುಪಿನದನ್ನು ಮರುದಿನಕ್ಕಿಟ್ಟುಕೊಳ್ಳಿ, ಹುಳುವಿನ ದೃಶ್ಯವನ್ನು ಅದರಲ್ಲೇ ನೋಡಿ. ನಾವು ಹಾಗೆಯೇ ನೋಡಿದೆವು. ಎರಡನೇ ದಿನ ಪಕ್ಕದ ಬೀದಿಯವರೂ ಬಂದಿದ್ದರು, ನಡುಮನೆ ಸಾಲದೆ ಪ್ರೊಜೆಕ್ಟರನ್ನು ಅಂಗಳಕ್ಕೆ ತರಬೇಕಾಯಿತು.